ಜುಯ್ಯಕ್ಕಿ ವೇಷದ ಬಗ್ಗೆ

ಎಲ್ಲರಿಗೂ ನಮಸ್ಕಾರ. ಮಕ್ಕಳ ನಾಟಕದ ವೇಷದ ಬಗ್ಗೆ ಮೆಸೇಜುಗಳು ಜಾಸ್ತಿ ಆಗಿವೆ. ಅದಕ್ಕೇ ಒಟ್ಟಿಗೆ ಬರೆಯುತ್ತಿದ್ದೇನೆ.

ಜುಯ್ಯಕ್ಕಿ ನಮ್ಮ ಮಕ್ಕಳೇ ಹುಟ್ಟಿಸಿದ ಜೀವಿ. ಹೆಬ್ಬೆರಳಷ್ಟು ಮೈ, ಎರಡು ಜೊತೆ ರೆಕ್ಕೆ. ಗಂಡಿಗೆ ನೀಲಿ, ಹಸಿರು, ಕುತ್ತಿಗೆಗೆ ಕೆಂಪು. ಹೆಣ್ಣಿಗೆ ಒಣಗಿದ ಎಲೆಯ ಬಣ್ಣ, ಅಷ್ಟೇ. 'ನಮ್ಮ ಮಗಳಿಗೆ ಯಾಕೆ ಮಂಕು ಬಟ್ಟೆ' ಅಂತ ಕೆಲವರು ಕೇಳಿದ್ದೀರಿ. ದಯವಿಟ್ಟು ಜರಿ, ಚಮಕಿ ಹಚ್ಚಬೇಡಿ. ಕಾಗೆಯ ಕಣ್ಣು ತಪ್ಪಿಸಿ ಮೊಟ್ಟೆ ಉಳಿಸುವವಳೇ ಅವಳು. ಮಿಂಚಿದರೆ ಸಿಕ್ಕಿಬೀಳುತ್ತಾಳೆ, ಅಲ್ವಾ?

ನಮ್ಮ ಪುಣೆಯ ಬಾಲ್ಕನಿಗಳಿಗೆ ಬರುವ ನೇರಳೆ ಸೂರಕ್ಕಿಯನ್ನೇ ನೋಡಿ. ಹೆಣ್ಣು ಬೆನ್ನ ಮೇಲೆ ಮಾಸಲು ಹಸಿರು, ಹೊಟ್ಟೆ ತಿಳಿ ಹಳದಿ. ಜೇಡರ ಬಲೆ, ನಾರು, ತೊಗಟೆ ಚೂರು ಸೇರಿಸಿ ತೂಗಾಡುವ ಚೀಲದಂಥ ಗೂಡು ಹೆಣೆಯುವುದು, ಕಾವಿಗೆ ಕೂರುವುದು ಅವಳೇ. ಗೂಡಿನ ಬಾಗಿಲ ಮೇಲೆ ಪುಟ್ಟ ಸೂರು ಬೇರೆ! ಗಂಡು ಬಿಸಿಲಲ್ಲಿ ಕಡು ನೇರಳೆಯಾಗಿ ಹೊಳೆಯುತ್ತದೆ. ಆದರೆ ಮರಿ ಮಾಡುವ ಕಾಲ ಮುಗಿದ ಮೇಲೆ ಅದರ ಬಣ್ಣವೂ ಇಳಿಯುತ್ತದೆ. ಗಂಟಲಿನಿಂದ ಕೆಳಕ್ಕೆ ಒಂದು ಕಪ್ಪು ಗೆರೆ ಎದ್ದು ಕಾಣುತ್ತದೆ. ಮಕ್ಕಳು ಇದನ್ನೂ ಕಥೆಗೆ ಎತ್ತಿಕೊಂಡಿದ್ದಾರೆ (ಜಾಣರು!). ಹಾಗಾಗಿ ಕೊನೆಯ ದೃಶ್ಯಕ್ಕೆ ಗಂಡು ಜುಯ್ಯಕ್ಕಿಗಳಿಗೂ ಮಾಸಲು ಅಂಗಿ, ಎದೆಗೆ ಕಪ್ಪು ಪಟ್ಟಿ ಬೇಕು.

ರೆಕ್ಕೆಗೆ ಹಳೆ ಸೊಳ್ಳೆಪರದೆ ಸಾಕು, ಸುಮ್ನೆ ದುಡ್ಡು ಸುರಿಯಬೇಡಿ. ತಂತಿಯ ತುದಿಗೆ ಟೇಪ್ ಸುತ್ತಿ, ಯಾರ ಕಣ್ಣಿಗಾದರೂ ಚುಚ್ಚೀತು. ಬಣ್ಣದ ಲೇಸ್ ತುಳಶಿಬಾಗ್ ಮಾರುಕಟ್ಟೆಯಲ್ಲಿ ಸಿಗುತ್ತದೆ, ಚೌಕಾಸಿ ನಿಮಗೆ ಬಿಟ್ಟದ್ದು. ಭಾನುವಾರದ ತಾಲೀಮಿಗೆ ಎರಡೂ ಅಂಗಿ ತನ್ನಿ, ಹೆಸರು ಬರೆದು.