ದನಿ ತಗ್ಗಿಸಿ ನೋಡು: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನಂದ ಮಾತು ಇನ್ನೂ ಚುಚ್ಚುತ್ತಿದೆ. "ನಿನ್ನ ಅನಂತ್ ನಾಗ್ ಯಾವ ಪಾತ್ರ ಮಾಡಿದರೂ ಅನಂತ್ ನಾಗೇ. ಆ ದನಿಯೇ ಬಂಡವಾಳ" ಅಂದೆಯಲ್ಲ, ತಕ್ಷಣಕ್ಕೆ ಏನೂ ಹೊಳೆಯಲಿಲ್ಲ. ಸಿಟ್ಟು ಬಂದರೆ ನನಗೆ ಬಾಯಿ ಕಟ್ಟುತ್ತದೆ, ನಿನಗೆ ಗೊತ್ತೇ ಇದೆ. ಅದಕ್ಕೇ ಈ ಕಾಗದ.

ಒಪ್ಪಬೇಕಾದ್ದನ್ನು ಮೊದಲೇ ಒಪ್ಪಿಬಿಡುತ್ತೇನೆ. ದನಿ ಅದೇ. ಮಾತನ್ನು ಅರ್ಧಕ್ಕೆ ಬಿಟ್ಟು, ಇನ್ನೇನೋ ನೆನಪಾದವರ ಹಾಗೆ ಮುಂದುವರಿಸುವ ರೀತಿಯೂ ಅದೇ. ಅದೊಂದನ್ನೇ ನೆಚ್ಚಿ ಕಾಲ ತಳ್ಳಿದ ಚಿತ್ರಗಳೂ ಇವೆ. ಅವನ್ನೂ ನಾನು ಕೊನೆಯವರೆಗೆ ಕೂತು ನೋಡಿದ್ದೇನೆ, ಅಭಿಮಾನಿಯ ಕರ್ಮ. ಆದರೆ ನೀನು ಅವರನ್ನು ನೋಡುವುದು ಅವರು ಮಾತಾಡುವಾಗ ಮಾರಾಯ. ಎದುರಿನವರು ಮಾತಾಡುತ್ತಿರುವಾಗ ಒಮ್ಮೆ ನೋಡು.

1995ರ 'ಬೆಳದಿಂಗಳ ಬಾಲೆ' ನೆನಪಿದೆಯಲ್ಲ? ಚದುರಂಗದಾಟದ ರೇವಂತ್‌ಗೆ ಗುರುತು ಪರಿಚಯ ಇಲ್ಲದ ಹೆಣ್ಣೊಬ್ಬಳು ಫೋನ್ ಮಾಡಿ, ತಾಕತ್ತಿದ್ದರೆ ನನ್ನನ್ನು ಹುಡುಕು ಅನ್ನುತ್ತಾಳೆ. ಕೊನೆಯವರೆಗೂ ಅವಳ ಮುಖ ತೆರೆಯ ಮೇಲೆ ಬರುವುದಿಲ್ಲ. ಅಂದರೆ ಆ ಪ್ರೇಮಕಥೆಯಲ್ಲಿ ನಾಯಕಿಯ ಜಾಗದಲ್ಲಿ ಕೂತಿರುವುದು ಒಂದು ಟೆಲಿಫೋನು. ಎದುರು ಇನ್ನೊಂದು ಜೋಡಿ ಕಣ್ಣಿಲ್ಲ, ಕೈ ಹಿಡಿಯೋಣ ಅಂದರೆ ಕೈಯಿಲ್ಲ. ರಿಸೀವರ್ ಹಿಡಿದ ಒಬ್ಬ ಮನುಷ್ಯ ಸುಮ್ಮನೆ ಕೇಳಿಸಿಕೊಳ್ಳುತ್ತಾನೆ. ಮೊದಲು ಕುತೂಹಲ, ಆಮೇಲೆ ಸ್ವಲ್ಪ ಜಂಬ, ಆಮೇಲೆ ತಾನೇ ಸಿಕ್ಕಿಬಿದ್ದೆನೇನೋ ಎಂಬ ಗಲಿಬಿಲಿ. ಅವಳು ಹೇಗಿದ್ದಾಳೆ ಅಂತ ನಾವು ಊಹಿಸಿಕೊಂಡದ್ದೆಲ್ಲ ಅವರ ಮುಖ ನೋಡಿಯೇ. ಇಬ್ಬರು ನಟಿಸಬೇಕಾದ್ದನ್ನು ಒಬ್ಬರೇ ನಟಿಸಿದ್ದಾರೆ, ಅದೂ ಬಹುಪಾಲು ಬಾಯಿ ಮುಚ್ಚಿಕೊಂಡು!

ತಮಾಷೆ ನೋಡು, ಅದಕ್ಕೆ ಐದು ವರ್ಷ ಹಿಂದೆ 'ಗಣೇಶನ ಮದುವೆ'ಯಲ್ಲೂ ಮುಖ ಕಾಣದವಳ ಮೇಲೇ ಪ್ರೀತಿ. ವಠಾರದಲ್ಲಿ ಯಾರ ಜೊತೆ ದಿನಾ ಜಗಳವೋ ಅವಳೇ ತನ್ನ ಮನಸ್ಸು ಕದ್ದ ಗಾಯಕಿ ಎಂದು ಗೊತ್ತಿಲ್ಲದವನ ಪಾತ್ರ. ಅಲ್ಲಿ ನಕ್ಕು ನಕ್ಕು ಸಾಕಾಗುತ್ತದೆ. ಅದೇ ಮನುಷ್ಯ, ಅದೇ ದನಿ. ಮರುಳಾಗುವುದು ಮಾತ್ರ ಬೇರೆ ಬೇರೆ ಥರ.

ಇನ್ನು 1974ರ 'ಅಂಕುರ್'. ಶ್ಯಾಮ್ ಬೆನಗಲ್ ಚಿತ್ರ, ಜಮೀನ್ದಾರನ ಮಗ ಸೂರ್ಯನ ಪಾತ್ರ. ಕೊನೆಯಲ್ಲಿ ಒಬ್ಬ ಅಮಾಯಕನಿಗೆ ಚಾಟಿಯಲ್ಲಿ ಹೊಡೆದು, ಶಬಾನಾ ಆಜ್ಮಿ ಹೊರಗೆ ನಿಂತು ಶಾಪ ಹಾಕುವಾಗ ಮನೆಯೊಳಗೆ ಅಡಗುತ್ತಾನಲ್ಲ, ಅಲ್ಲೂ ಅವರ ಕೆಲಸ ಕೇಳಿಸಿಕೊಳ್ಳುವುದೇ. ಆದರೆ ಕೇಳುತ್ತಾ ಕೇಳುತ್ತಾ ಮನುಷ್ಯ ಕುಗ್ಗಿ ಪುಕ್ಕಲನಾಗುತ್ತಾನೆ. ಇವನೇ ಮುಂದೆ ರೇವಂತ್ ಆಗುತ್ತಾನೆ ಅಂದರೆ ಯಾರು ನಂಬುತ್ತಾರೆ?

ಮಲ್ಲೇಶ್ವರದ ಶಾಸಕರಾಗಿ, ಜೆ.ಎಚ್. ಪಟೇಲರ ಸಂಪುಟದಲ್ಲಿ ಸಚಿವರಾಗಿ ಅವರು ರಾಜಕೀಯದಲ್ಲಿ ಕಳೆದ ವರ್ಷಗಳ ಬಗ್ಗೆ ನನಗೊಂದು ಸ್ವಾರ್ಥದ ಹೊಟ್ಟೆಯುರಿ ಇದೆ. ಸಚಿವರಾಗಲು ಜನ ಸಿಗುತ್ತಾರೆ. ಇರಲಿ ಬಿಡು, ಅವರ ಬದುಕು ಅವರದು. 2016ರಲ್ಲಿ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಬಂತಲ್ಲ, ಆ ಹೊಟ್ಟೆಯುರಿ ಅರ್ಧ ಆರಿತು. ಮರೆವಿನ ಕಾಯಿಲೆಯ ವೆಂಕೋಬ ರಾವ್. ಮಾತು ಕಿವಿಗೆ ಬೀಳುತ್ತದೆ, ಆದರೆ ಒಳಗೆ ಹೋಗಿ ಕೂರಲು ಜಾಗ ಸಿಗುವುದಿಲ್ಲ. ಅದನ್ನು ತೋರಿಸಲು ಅವರು ಅತ್ತು ಕರೆದು ಮಾಡುವುದಿಲ್ಲ. ಕಣ್ಣು ಮಾತ್ರ ಒಂದು ಕ್ಷಣ ತಡವಾಗಿ ಬರುತ್ತದೆ. ನನ್ನ ಪಕ್ಕದ ಸೀಟಿನಲ್ಲಿ ನೀನೇ ಕೂತಿದ್ದೆ. ಮೂಗು ಒರೆಸಿಕೊಂಡು ಏಸಿ ಜಾಸ್ತಿಯಾಯಿತು ಅಂದೆ. ಮರೆತಿಲ್ಲ.

2025ರಲ್ಲಿ ಪದ್ಮಭೂಷಣ ಘೋಷಣೆಯಾದ ದಿನ ನೀನು ನನಗೆ "ಅಭಿನಂದನೆಗಳು" ಅಂತ ಮೆಸೇಜ್ ಕಳಿಸಿದ್ದೆ. ಛೇಡಿಸಲಿಕ್ಕೇ ಕಳಿಸಿದ್ದು, ನಾನು ಮಾತ್ರ ನಾಚಿಕೆಯಿಲ್ಲದೆ "ಧನ್ಯವಾದ" ಅಂದುಬಿಟ್ಟಿದ್ದೆ.

ಈಗ ನಿನಗೊಂದು ಕೆಲಸ. ರೇವಂತ್‌ಗೆ ಫೋನ್ ಬರುವ ಯಾವುದಾದರೂ ಒಂದು ದೃಶ್ಯ ಹಾಕಿಕೊಂಡು ದನಿ ಪೂರ್ತಿ ತಗ್ಗಿಸಿಬಿಡು. ಬಂಡವಾಳ ತೆಗೆದಿಟ್ಟ ಮೇಲೆ ಅಂಗಡಿ ನಡೆಯುತ್ತದೋ ಇಲ್ಲವೋ ನೋಡು. ಆಮೇಲೂ ಎಲ್ಲಾ ಒಂದೇ ಥರ ಅನ್ನಿಸಿದರೆ ಫೋನ್ ಮಾಡಬೇಡ, ಕಾಗದ ಬರಿ. ಬಂದು ತಲುಪುವಷ್ಟರಲ್ಲಿ ನನ್ನ ಸಿಟ್ಟು ಇಳಿದಿರುತ್ತದೆ.

ನಿನ್ನ,
ಅದೇ ಹಠಮಾರಿ