ಹಳೆಯ ವಾಹನ ಮಾರುವವರು ಎಚ್ಚರವಹಿಸಲಿ

ಮಾನ್ಯರೇ,

ಹಳೆಯ ಬೈಕು, ಕಾರುಗಳನ್ನು ಜಾಲತಾಣಗಳಲ್ಲಿ ಮಾರಾಟಕ್ಕಿಡುವವರನ್ನು ದೂರದೂರಿನ ಖರೀದಿದಾರರ ಸೋಗಿನಲ್ಲಿ ವಂಚಿಸುವುದು ಇನ್ನೂ ನಿಂತಿಲ್ಲ. ಗಡಿಯಲ್ಲಿರುವ ಸೈನಿಕನೆಂದು ಹೇಳಿಕೊಂಡು, ಗುರುತಿನ ಚೀಟಿಯ ಚಿತ್ರವನ್ನೂ ಕಳಿಸಿ, ವಾಹನವನ್ನು ಕಣ್ಣಾರೆ ನೋಡದೆ, ಚೌಕಾಸಿಯನ್ನೂ ಮಾಡದೆ ಕೇಳಿದ ಬೆಲೆಗೆ ಒಪ್ಪಿಕೊಳ್ಳುವವನ ಮೇಲೆ ಮೊದಲು ಅನುಮಾನ ಬರಬೇಕು. ಐನೂರು ರೂಪಾಯಿಗೂ ಜಗ್ಗಾಡುವ ನಮ್ಮ ನಡುವೆ ಅಂಥ ಉದಾರಿಗಳು ಸಿಗುವುದುಂಟೆ?

ಮುಂಗಡ ಕೊಡುವುದಾಗಿ ಹೇಳಿ ಆತ ಕ್ಯೂಆರ್ ಕೋಡ್ ಕಳಿಸುತ್ತಾನೆ. ಅದನ್ನು ಸ್ಕ್ಯಾನ್ ಮಾಡಿ ಯುಪಿಐ ಪಿನ್ ಒತ್ತಿದರೆ ಹಣ ಬರುವುದಿಲ್ಲ, ನಮ್ಮ ಖಾತೆಯಿಂದಲೇ ಹೋಗುತ್ತದೆ. ಹಣ ಪಡೆಯಲು ಪಿನ್ ಬೇಕಾಗಿಯೇ ಇಲ್ಲ. ಇನ್ನು ಕೆಲವರು ಹೆಚ್ಚುವರಿ ಹಣ ಜಮೆಯಾಗಿದೆಯೆಂದೂ ಅದನ್ನು ಕೂಡಲೇ ಮರಳಿಸಬೇಕೆಂದೂ ಅವಸರಪಡಿಸುತ್ತಾರೆ. ಅವರು ತೋರಿಸುವ ಸಂದೇಶ, ಸ್ಕ್ರೀನ್‌ಶಾಟ್‌ಗಳು ನಕಲಿಯಾಗಿರಬಹುದಾದ್ದರಿಂದ, ಬ್ಯಾಂಕ್ ಖಾತೆಯ ವಿವರವನ್ನು ಸ್ವತಃ ಪರಿಶೀಲಿಸದೆ ಒಂದು ರೂಪಾಯಿಯನ್ನೂ ಕಳಿಸಬಾರದು.

ಪೂರ್ತಿ ಹಣ ಕೈಸೇರುವ ಮುನ್ನ ಕೀ, ಆರ್‌ಸಿ (ನೋಂದಣಿ ಪತ್ರ), ಮಾಲೀಕತ್ವ ವರ್ಗಾವಣೆಗಾಗಿ ಸಹಿ ಮಾಡಿದ 29 ಮತ್ತು 30ನೇ ನಮೂನೆಗಳನ್ನು ಕೊಡುವುದೂ ಅಪಾಯವೇ. ಹಣ ಬಂದ ಬಳಿಕವೂ, 1988ರ ಮೋಟಾರು ವಾಹನ ಕಾಯ್ದೆಯಂತೆ, ರಾಜ್ಯದೊಳಗಿನ ಮಾರಾಟವನ್ನು 14 ದಿನಗಳೊಳಗೆ ಆರ್‌ಟಿಒಗೆ ತಿಳಿಸಬೇಕು. ಇಲ್ಲವಾದರೆ, ಆ ವಾಹನ ಅಪಘಾತಕ್ಕೀಡಾದಾಗ ಪರಿಹಾರದ ಹೊಣೆ ದಾಖಲೆಯಲ್ಲಿರುವ ಹಳೆಯ ಮಾಲೀಕರ ತಲೆಗೇ ಬರಬಹುದು.

ಹಣ ಕಳೆದುಕೊಂಡವರು ನಾಚಿಕೆಯಿಂದ ಸುಮ್ಮನಿರದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದರೆ ವಂಚಕರ ಖಾತೆಗೆ ಹೋದ ಹಣವನ್ನು ತಡೆಹಿಡಿಯುವ ಸಾಧ್ಯತೆ ಇರುತ್ತದೆ. ವಾಹನ ಮಾರಾಟದ ಜಾಲತಾಣಗಳು ಜಾಹೀರಾತು ಸ್ವೀಕರಿಸುವ ಪುಟದಲ್ಲಿಯೇ ಈ ಎಚ್ಚರಿಕೆಗಳನ್ನು ಕನ್ನಡದಲ್ಲಿ ಪ್ರಕಟಿಸುವಂತೆ ಸರ್ಕಾರ ಸೂಚಿಸಬೇಕು.

— ಒಬ್ಬ ಓದುಗ, ಶಿವಮೊಗ್ಗ