ಗೆಳೆಯನಿಗೊಂದು ಪತ್ರ: ಬಾಯಿಲ್ಲದ ಮಡಕೆ

ಕಾರವಾರ

ಪ್ರೀತಿಯ ಗೆಳೆಯಾ,

"ಏನೂ ಬರೆಯಲಾಗುತ್ತಿಲ್ಲ, ಒಳಗೆಲ್ಲ ಖಾಲಿ" ಎಂದು ನೀನು ಬರೆದದ್ದು ಮನಸ್ಸಿನಿಂದ ಹೋಗುತ್ತಿಲ್ಲ. ನಾನೀಗ ಮಾಡುತ್ತಿರುವ ನಾಲ್ಕು ಮಡಕೆಗಳ ವಿಷಯವನ್ನೇ ಉತ್ತರವಾಗಿ ಬರೆಯೋಣ ಅನಿಸಿತು. ನಿನ್ನಂತೆ ಕಾಯುತ್ತಿರುವವರು ಇನ್ನೂ ಇರಬಹುದು. ಅದಕ್ಕೇ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ.

ಹೊಸ ಯೋಚನೆ ಹುಟ್ಟುವುದನ್ನು ಇಂಗ್ಲೆಂಡಿನ ಚಿಂತಕ ಗ್ರಹಾಂ ವಾಲಸ್ 1926ರಲ್ಲಿ ನಾಲ್ಕು ಹಂತಗಳಾಗಿ ವಿವರಿಸಿದರು. ತಯಾರಿ, ಒಳಗೊಳಗೇ ಮಾಗುವುದು, ಹೊಳೆಯುವುದು, ಹೊಳೆದದ್ದನ್ನು ಒರೆಗೆ ಹಚ್ಚುವುದು. ಅವರಿಗೆ ದಾರಿ ತೋರಿಸಿದ್ದು ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 1891ರಲ್ಲಿ ಆಡಿದ ಮಾತು. ಒಳ್ಳೆಯ ಯೋಚನೆಗಳು ತನಗೆ ಮೇಜಿನ ಮುಂದೆ ಬರಲಿಲ್ಲ, ದಣಿವು ಆರಿದ ಮೇಲೆ, ಬಿಸಿಲಿನ ದಿನ ಕಾಡಿನ ಗುಡ್ಡವನ್ನು ನಿಧಾನ ಹತ್ತುವಾಗ ಬಂದವು ಎಂದಿದ್ದರು ಅವರು. ಆ ನಾಲ್ಕು ಹಂತಗಳನ್ನು ಮಣ್ಣಿನಲ್ಲಿ ತೋರಿಸಬೇಕೆಂದು ಹೊರಟಿದ್ದೇನೆ. ಮಡಕೆಗೆ ಅರ್ಥ ತುಂಬುವುದು ನಮ್ಮ ಕಡೆ ಹೊಸದೇನಲ್ಲ. ಮಡಕೆ ಮಾಡುವ ಗುನಗರೇ ಎಷ್ಟೋ ಊರುಗಳಲ್ಲಿ ಗ್ರಾಮದೇವತೆಯ ಪೂಜಾರಿಗಳು. ತಿಗರಿ ತಿರುಗಿಸುವ ಕೈಯೇ ದೇವರಿಗೆ ಹೂವನ್ನೂ ಏರಿಸುತ್ತದೆ.

ಮೊದಲನೆಯದು ಅಗಲ ಬಾಯಿಯ ಬಟ್ಟಲು. ಹಸಿಯಿದ್ದಾಗಲೇ ಅದರ ಮೈಗೆ ಮೀನುಬಲೆ, ಭತ್ತದ ಹೊಟ್ಟು, ಹಲಸಿನ ಎಲೆ, ಬಳಚಿನ ಚಿಪ್ಪು ಎಲ್ಲ ಒತ್ತಿದ್ದೇನೆ. ಸಿಕ್ಕಿದ್ದನ್ನೆಲ್ಲ ಒಳಗೆ ಬಿಟ್ಟುಕೊಳ್ಳುವ ಕಾಲ ಅದು. ನೀನು ಅದನ್ನು ದಾಟಿ ಬಂದಿದ್ದೀಯ. ಎಷ್ಟು ಓದಿದ್ದೀ, ಎಷ್ಟು ಊರು ತಿರುಗಿದ್ದೀ!

ಎರಡನೆಯದಕ್ಕೆ ಬಾಯಿಯೇ ಇಲ್ಲ. ದುಂಡಗೆ ಎತ್ತಿ, ಮೇಲೆ ಪೂರ್ತಿ ಮುಚ್ಚಿಬಿಟ್ಟಿದ್ದೇನೆ. ಇದನ್ನು ಬೇಕೆಂದೇ ಮಳೆಗಾಲದಲ್ಲಿ ಮಾಡಿದೆ. ಬೇಸಿಗೆಯಲ್ಲಾದರೆ ಬೇಗ ಒಣಗುತ್ತದೆ ನಿಜ. ಆದರೆ ಒಂದು ಕಡೆ ಒಣಗಿ ಕುಗ್ಗಿ, ಇನ್ನೊಂದು ಕಡೆ ಹಸಿಯಾಗೇ ಉಳಿದರೆ ಬಿರುಕು ಬಿಡುತ್ತದೆ. ಆಷಾಢದ ಈ ಗಾಳಿಯಲ್ಲಿ ಒಣಗುವುದೇ ಇಲ್ಲವೇನೋ ಅನಿಸುತ್ತದೆ. ಗೋಣಿ ಮುಚ್ಚಿಡುತ್ತೇನೆ, ಆಗಾಗ ಕೆನ್ನೆಗೆ ತಾಗಿಸಿ ನೋಡುತ್ತೇನೆ. ತಣ್ಣಗಿದ್ದರೆ ಇನ್ನೂ ನೀರು ಆರುತ್ತಿದೆ ಎಂದರ್ಥ. ಕಣ್ಣಿಗೆ ಏನೂ ಕಾಣದಿದ್ದರೂ ಕೆಲಸ ನಡೆಯುತ್ತಲೇ ಇದೆ. ಅಡಿಯಲ್ಲಿ ಸೂಜಿಯಷ್ಟು ತೂತು ಬಿಟ್ಟಿದ್ದೇನೆ. ಅದಿಲ್ಲದಿದ್ದರೆ ಒಳಗೆ ಉಳಿದ ತೇವ ಸುಡುವಾಗ ಆವಿಯಾಗಿ, ದಾರಿ ಸಿಗದೆ, ಮಡಕೆಯನ್ನೇ ಸಿಡಿಸುತ್ತದೆ. ನಿನಗೂ ಆ ತೂತು ಬೇಕು ಮಾರಾಯ. ನನಗೆ ಆಗಾಗ ಬರಿ, ಸುಮ್ನೆ ಎರಡು ಸಾಲಾದರೂ ಸಾಕು.

ನಮ್ಮ ಕಡಲತೀರಕ್ಕೆ ರವೀಂದ್ರನಾಥ ಠಾಗೋರರ ಹೆಸರಿದೆಯಲ್ಲ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ, 1880ರ ದಶಕದಲ್ಲಿ, ಅವರು ಬಂದು ಉಳಿದಿದ್ದರು. ಕಾಳಿ ನದಿಯಲ್ಲಿ ದೋಣಿಯಲ್ಲಿ ಹೋಗಿ ಬೆಳದಿಂಗಳಲ್ಲಿ ಮರಳಿದ ರಾತ್ರಿಯೇ ಒಂದು ಕವಿತೆ ಬರೆದರು. ಮುಂದೆ ಅದನ್ನು ನೆನೆಯುತ್ತಾ, ಭಾವದಲ್ಲಿ ಮುಳುಗಿರುವಾಗ ಒಳ್ಳೆಯ ಕವಿತೆ ಬರುವುದಿಲ್ಲ, ನೆನಪೇ ಸರಿಯಾದ ಬಣ್ಣ ಹಚ್ಚುವ ಕುಂಚ ಎಂಬ ಅರ್ಥದ ಮಾತು ಹೇಳಿದ್ದಾರೆ. ಅಂಥವರಿಗೂ ನಡುವೆ ಕಾಲ ಬೇಕೆನಿಸಿತು. ನನ್ನ ಕಣ್ಣಲ್ಲಿ ಈ ಎರಡನೆಯ ಮಡಕೆಯೇ ನಾಲ್ಕರಲ್ಲಿ ದೊಡ್ಡದು. ಅಳತೆಯಲ್ಲೂ ಅದನ್ನೇ ದೊಡ್ಡದು ಮಾಡಿದ್ದೇನೆ.

ಮೂರನೆಯದು ಬೆಂಕಿಯಲ್ಲೇ ಆಗಬೇಕು. ಒಂದೇ ಮಣ್ಣು, ಗಾಳಿ ಸಿಕ್ಕಲ್ಲಿ ಕೆಂಪು, ಹೊಗೆ ಕಟ್ಟಿದಲ್ಲಿ ಕಪ್ಪು. ಪೂರ್ತಿ ಕಪ್ಪು ಮೈಯಲ್ಲಿ ಒಂದು ಕೆಂಪು ಮಚ್ಚೆ ಉಳಿಸಬೇಕೆಂದಿದ್ದೇನೆ. ಅದು ಎಲ್ಲಿ ಮೂಡುತ್ತದೋ ಬೆಂಕಿಗೇ ಬಿಟ್ಟದ್ದು. ಹೊಳೆಯುವುದೆಂದರೆ ಫಳ್ಳನೆ ಮಿಂಚು ಎಂದು ಎಲ್ಲರೂ ಹೇಳುತ್ತಾರೆ, ಅಲ್ವಾ? ಆದರೆ ಮಣ್ಣಿನ ಕಣದೊಳಗೇ ಬೆರೆತ ನೀರು ಹೊರಡುವುದು ಸುಮಾರು 350ರಿಂದ 600 ಡಿಗ್ರಿ ಶಾಖದಲ್ಲಿ. ಅದು ಹೋದ ಮೇಲೆ ನೀರಲ್ಲಿ ಎಷ್ಟು ನೆನೆಸಿದರೂ ಮಡಕೆ ಮತ್ತೆ ಕೆಸರಾಗುವುದಿಲ್ಲ. ಮಡಕೆ ಸುಡುವ ಗೂಡು, ಅಂದರೆ ಆವಿಗೆ, ನಿಗಿನಿಗಿ ಉರಿಯುವುದು ಆಮೇಲೆ. ನಿನ್ನ ಕಥೆಯೂ ನಿನಗೆ ತಿಳಿಯುವ ಮೊದಲೇ ಗಟ್ಟಿಯಾಗಿರಬಹುದು.

ನಾಲ್ಕನೆಯದು ಸಾದಾ ಹೂಜಿ. ಸುಟ್ಟ ಮೇಲೆ ಬೆರಳಲ್ಲಿ ತಟ್ಟಿ ದನಿ ಕೇಳಬೇಕು, ನೀರು ತುಂಬಿ ರಾತ್ರಿಯಿಡೀ ಇಟ್ಟು ನೋಡಬೇಕು. ಅರ್ಥ ಎಷ್ಟೇ ಇರಲಿ, ಅದರಿಂದ ಲೋಟಕ್ಕೆ ನೀರು ಸರಿಯಾಗಿ ಬೀಳಬೇಕು.

ದೀಪಾವಳಿ ಕಳೆದು ಮಳೆ ಪೂರ್ತಿ ಬಿಟ್ಟ ಮೇಲೆ ಆವಿಗೆಗೆ ಹಾಕುತ್ತೇನೆ. ಆಗ ಬಾ. ಬರೆದದ್ದು ತರಬೇಕೆಂದೇನಿಲ್ಲ. ಮೊದಲರ್ಧ ಉರಿಯನ್ನು ತೀರಾ ನಿಧಾನ ಏರಿಸಬೇಕು, ಜಾಸ್ತಿ ಹೊತ್ತು ಹಿಡಿಯುತ್ತದೆ. ಕಟ್ಟಿಗೆ ಕೊಡಲು ಇನ್ನೊಬ್ಬರು ಬೇಕು.

ನಿನ್ನ ಗೆಳೆಯ